ಸಮುದಾಯ ಆರೋಗ್ಯ ಕೇಂದ್ರಗಳಿಗೆ ಸರಕಾರದ ನೆರವು: ಚಿತ್ರದುರ್ಗದ ಬಡ ರೋಗಿಗಳಿಗೆ ಸಿಗುವುದೇನು?

ಮಂಗಳೂರು, ಉಡುಪಿಯಲ್ಲಿರುವ ನಮಗೆ ಆಸ್ಪತ್ರೆ ಎಂದರೆ ಬಸ್ಸಿಳಿದು ನಡೆದು ಹೋಗುವಷ್ಟು ಹತ್ತಿರ. ಘಟ್ಟದ ಮೇಲೆ ಹಾಗಿಲ್ಲ. ಹೊಸದುರ್ಗದ ಹಳ್ಳಿಯೊಂದರಲ್ಲಿ ರಾತ್ರಿ ಹೆರಿಗೆ ನೋವು ಕಾಣಿಸಿಕೊಂಡರೆ ಮೊದಲು ತಾಲೂಕು ಕೇಂದ್ರಕ್ಕೆ ಹೋಗಬೇಕು. ಅಲ್ಲಿ ಆಗದಿದ್ದರೆ ಮತ್ತೆ ಐವತ್ತು ಅರುವತ್ತು ಕಿಲೋಮೀಟರ್ ದಾಟಿ ಚಿತ್ರದುರ್ಗ. ಹಿರಿಯೂರು, ಹೊಳಲ್ಕೆರೆಯವರಿಗೆ ದೂರ ಸ್ವಲ್ಪ ಕಡಿಮೆ, ಅಷ್ಟೇ. ಮಳೆಯನ್ನೇ ನಂಬಿದ ಬೇಸಾಯ, ಕೂಲಿ ಕೆಲಸ. ಖಾಸಗಿ ಆಸ್ಪತ್ರೆಯ ಒಂದು ಬಿಲ್ಲಿಗೆ ಹಸುವೋ ಜಮೀನೋ ಹೋಗುತ್ತದೆ. ಆ ಭಾಗದಲ್ಲಿ ಶಾಲೆ, ಸಮಾಜಸೇವೆಯ ಕೆಲಸದಲ್ಲಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗೆ ಇಲ್ಲಿ ಉತ್ತರಿಸುವ ಪ್ರಯತ್ನ ಮಾಡಿದ್ದೇವೆ: ಸರಕಾರ ನಿಜಕ್ಕೂ ಏನು ಕೊಡುತ್ತದೆ, ಅದು ರೋಗಿಯನ್ನು ತಲುಪುವುದು ಹೇಗೆ?

ಸರಕಾರದ ಲೆಕ್ಕದಂತೆ ಬಯಲು ಪ್ರದೇಶದಲ್ಲಿ 5,000 ಮಂದಿಗೆ ಒಂದು ಉಪಕೇಂದ್ರ, 30,000 ಮಂದಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಮಂದಿಗೆ ಒಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕು. ಸಮುದಾಯ ಕೇಂದ್ರ ಎಂದರೆ 30 ಹಾಸಿಗೆಯ ಸಣ್ಣ ಆಸ್ಪತ್ರೆ. ಶಸ್ತ್ರಚಿಕಿತ್ಸೆ, ಹೆರಿಗೆ, ಮಕ್ಕಳ ಕಾಯಿಲೆ ಇವಕ್ಕೆಲ್ಲ ತಜ್ಞರಿರಬೇಕು. 2011ರ ಜನಗಣತಿಯಂತೆ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ ಸುಮಾರು 16.6 ಲಕ್ಷ. ಇದರ ಮೇಲಿನ ಹಂತದಲ್ಲಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ತಾಲೂಕು ಆಸ್ಪತ್ರೆಗಳು, ಅದಕ್ಕೂ ಮೇಲೆ ಜಿಲ್ಲಾ ಆಸ್ಪತ್ರೆ. 2023ರಲ್ಲಿ ಚಿತ್ರದುರ್ಗದಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಆರಂಭವಾಗಿದೆ.

ಸಂಬಳ, ಕಟ್ಟಡ, ಔಷಧಿಯ ಖರ್ಚು ಮುಖ್ಯವಾಗಿ ರಾಜ್ಯದ್ದು. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಬಂದಾಗ ಇನ್ನೊಂದು ಹಣವೂ ಸೇರಿತು. ಆಗಿನ ಲೆಕ್ಕದಲ್ಲಿ ಪ್ರತಿ ಸಮುದಾಯ ಕೇಂದ್ರಕ್ಕೆ ವರ್ಷಕ್ಕೆ ಮುಕ್ತ ನಿಧಿ ರೂ. 50,000, ನಿರ್ವಹಣೆಗೆ ರೂ. 1 ಲಕ್ಷ, ಆರೋಗ್ಯ ರಕ್ಷಾ ಸಮಿತಿಗೆ ರೂ. 1 ಲಕ್ಷ. ಮೊತ್ತ ದೊಡ್ಡದಲ್ಲ. ಆದರೆ ಕೆಟ್ಟ ನೀರಿನ ಪಂಪು, ಒಡೆದ ಕಿಟಕಿ, ತುರ್ತು ಔಷಧಿಗೆ ಬೆಂಗಳೂರಿನ ಅಪ್ಪಣೆಗೆ ಕಾಯದೆ ಸ್ಥಳದಲ್ಲೇ ತೀರ್ಮಾನಿಸಬಹುದು. ತೀರ್ಮಾನಿಸುವುದು ಈ ಸಮಿತಿ. ಅದರಲ್ಲಿ ಅಧಿಕಾರಿಗಳಲ್ಲದೆ ಜನಪ್ರತಿನಿಧಿಗಳಿಗೆ, ಸ್ವಯಂಸೇವಾ ಸಂಸ್ಥೆಗಳಿಗೆ ಸ್ಥಾನವಿದೆ. ನಮ್ಮವರು ಆರೋಗ್ಯ ಶಿಬಿರ ನಡೆಸುವುದರಲ್ಲಿ ಮುಂದು, ಸಮಿತಿಯ ಸಭೆಗೆ ಹೋಗುವುದರಲ್ಲಿ ಮಾತ್ರ ಹಿಂದು!

ಹೆರಿಗೆಯ ವಿಷಯದಲ್ಲಿ ನಿಯಮ ತೀರಾ ಸ್ಪಷ್ಟ. 2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆಯಾಗಲಿ, ಸಿಸೇರಿಯನ್ ಆಗಲಿ, ಪೂರ್ತಿ ಉಚಿತ. ಔಷಧಿ, ರಕ್ತ ಪರೀಕ್ಷೆ, ರಕ್ತ, ಊಟ, ಮನೆಯಿಂದ ಆಸ್ಪತ್ರೆಗೆ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ, ಮತ್ತೆ ಮನೆಗೆ ವಾಹನ ಎಲ್ಲವೂ ಇದರಲ್ಲಿ ಸೇರಿದೆ. ಊಟ ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ. ಕಾಯಿಲೆ ಬಿದ್ದ ನವಜಾತ ಶಿಶುವಿಗೂ ಇದೇ ಸೌಲಭ್ಯ. ಮುಂದೆ ಅದನ್ನು ಒಂದು ವರ್ಷದೊಳಗಿನ ಮಕ್ಕಳಿಗೂ ವಿಸ್ತರಿಸಿದರು. ಹೀಗಿದ್ದೂ ಬಾಣಂತಿಯ ಗಂಡ ಚೀಟಿ ಹಿಡಿದು ಹೊರಗಿನ ಔಷಧಿ ಅಂಗಡಿಗೆ ಓಡುತ್ತಿದ್ದರೆ, ಆ ಚೀಟಿಯನ್ನೂ ಬಿಲ್ಲನ್ನೂ ಇಟ್ಟುಕೊಂಡು ಆಡಳಿತ ವೈದ್ಯಾಧಿಕಾರಿಗೆ ಬರೆದು ದೂರು ಕೊಡಬಹುದು.

ಹೆಚ್ಚು ಮಂದಿ ಎಡವುವುದು ಆರೋಗ್ಯ ಕಾರ್ಡಿನ ವಿಷಯದಲ್ಲಿ. 2018ರ ಮಾರ್ಚ್‌ನಲ್ಲಿ ರಾಜ್ಯ ಸರಕಾರ ‘ಆರೋಗ್ಯ ಕರ್ನಾಟಕ’ ಆರಂಭಿಸಿತು. ಅದೇ ವರ್ಷ ಅದು ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿತು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ದರದ ಶೇಕಡಾ 30ರಷ್ಟು, ವರ್ಷಕ್ಕೆ ರೂ. 1.5 ಲಕ್ಷ ಮೀರದಂತೆ. ಇದರಲ್ಲಿ ವಿಮಾ ಕಂಪನಿ ಇಲ್ಲ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ಹಣ ಕೊಡುತ್ತದೆ.

ಕಾರ್ಡು ಇದೆ ಎಂದು ಬಡವರು ನೇರ ಖಾಸಗಿ ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿ “ಇದು ನಡೆಯುವುದಿಲ್ಲ” ಎಂಬ ಉತ್ತರ. ಅದಕ್ಕೆ ಕಾರಣ, ಯೋಜನೆ ಶುರುವಾಗುವುದೇ ಸರಕಾರಿ ಆಸ್ಪತ್ರೆಯಿಂದ. ಸರಳ ಚಿಕಿತ್ಸೆಗಳು ಅಲ್ಲಿಯೇ ಆಗಬೇಕು. ಅಲ್ಲಿ ಸೌಲಭ್ಯವಿಲ್ಲದ ಚಿಕಿತ್ಸೆಗೆ ವೈದ್ಯರು ಶಿಫಾರಸು ಪತ್ರ ಕೊಟ್ಟ ಮೇಲಷ್ಟೇ ಯೋಜನೆಗೆ ಒಳಪಟ್ಟ ಖಾಸಗಿ ಆಸ್ಪತ್ರೆಗೆ ದಾರಿ. ತುರ್ತು ಚಿಕಿತ್ಸೆಗಳ ಪಟ್ಟಿಯೇ ಬೇರೆ ಇದೆ, ಅವಕ್ಕೆ ಪತ್ರ ಬೇಡ. ಹಿರಿಯೂರಿನ ಹೆದ್ದಾರಿಯಲ್ಲಿ ಅಪಘಾತವಾದವನನ್ನು ಪತ್ರಕ್ಕಾಗಿ ಕಾಯಿಸುವ ಅಗತ್ಯವಿಲ್ಲ, 108ಕ್ಕೆ ಕರೆ ಮಾಡಿದರಾಯಿತು.

ಇನ್ನೊಂದು ಮಾತು ಹೆಚ್ಚಿನವರಿಗೆ ತಿಳಿದಿಲ್ಲ. ಒಳರೋಗಿಯ ಚಿಕಿತ್ಸೆಯನ್ನು ಈ ಯೋಜನೆಯಡಿ ನೋಂದಾಯಿಸಿದರೆ ಸಮುದಾಯ ಕೇಂದ್ರಕ್ಕೂ ಟ್ರಸ್ಟಿನಿಂದ ಹಣ ಬರುತ್ತದೆ. ನೋಂದಾಯಿಸದಿದ್ದರೆ ರೋಗಿಗೆ ನಷ್ಟವಿಲ್ಲ, ಆಸ್ಪತ್ರೆಗೆ ನಷ್ಟ. ಆದ್ದರಿಂದ ದಾಖಲಾಗುವಾಗ ಕಾರ್ಡನ್ನು ತೋರಿಸಿಯೇ ತೋರಿಸಬೇಕು.

ಹಣದಿಂದ ಎಲ್ಲವೂ ಆಗುವುದಿಲ್ಲ ಎಂಬುದನ್ನೂ ಹೇಳಬೇಕು. ಶಸ್ತ್ರಚಿಕಿತ್ಸಾ ಕೊಠಡಿ ಇದ್ದು ಅರಿವಳಿಕೆ ತಜ್ಞರಿಲ್ಲದಿದ್ದರೆ ಸಿಸೇರಿಯನ್‌ಗೆ ಚಿತ್ರದುರ್ಗಕ್ಕೇ ಕಳುಹಿಸಬೇಕು. ವೈದ್ಯ ಪದವೀಧರರಿಗೆ ಕಡ್ಡಾಯ ಸೇವೆ ವಿಧಿಸುವ ಕಾಯಿದೆಯನ್ನು ರಾಜ್ಯ 2012ರಲ್ಲಿ ಮಾಡಿತು. ಆದರೆ ಒಂದು ವರ್ಷಕ್ಕೆ ಬಂದು ಹೋಗುವ ಯುವ ವೈದ್ಯರು ಅನುಭವಿ ತಜ್ಞರ ಜಾಗ ತುಂಬಲಾರರು. ಗರ್ಭಿಣಿಯ ಮನೆಯವರು ಎಂಟನೇ ತಿಂಗಳಲ್ಲೇ ಕೇಂದ್ರಕ್ಕೆ ಹೋಗಿ, ಇಲ್ಲಿ ಸಿಸೇರಿಯನ್ ಆಗುತ್ತದೆಯೇ, ರಕ್ತ ಸಿಗುತ್ತದೆಯೇ ಎಂದು ಕೇಳಿಕೊಂಡು ಬರುವುದು ಒಳ್ಳೆಯದು. ಹೋಗುವಾಗ ಪಡಿತರ ಚೀಟಿ, ಆಧಾರ್, ತಾಯಿ ಕಾರ್ಡ್ ಜೊತೆಗಿರಲಿ. ಆರೋಗ್ಯ ಕಾರ್ಡ್ ಇನ್ನೂ ಮಾಡಿಸದವರು ಗ್ರಾಮ ಒನ್ ಕೇಂದ್ರದಲ್ಲಿ ವಿಚಾರಿಸಬಹುದು.