ಎರಡನೆಯ ಸಹಿ

ಮಕ್ಕಳ ತುರ್ತುಚಿಕಿತ್ಸಾ ಘಟಕದಲ್ಲಿ ದಾದಿಯರಿಗೆ ಮಕ್ಕಳ ಅಳುವೇ ದೊಡ್ಡ ಕಷ್ಟವೆಂದು ಹಲವರು ಭಾವಿಸಿದ್ದಾರೆ. ಅಳುವ ಮಗು ನಮಗೆ ಸಮಾಧಾನ; ಅದು ಉಸಿರಾಡುತ್ತಿದೆಯಲ್ಲ! ನನ್ನನ್ನು ಕಾಡುವುದು ಲೆಕ್ಕ. ಮಕ್ಕಳಿಗೆ ಬಹುಪಾಲು ಔಷಧಗಳನ್ನು ತೂಕ ನೋಡಿ ಕೊಡಬೇಕು. ಬೆಳಿಗ್ಗೆ 3 ಕಿಲೋ ತೂಕದ ಹಸುಳೆ ಮಲಗಿದ್ದ ಹಾಸಿಗೆಗೆ ಮಧ್ಯಾಹ್ನ 40 ಕಿಲೋ ತೂಕದ ಬಾಲಕ ಬರುತ್ತಾನೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಜ್ವರದಿಂದ ಫಿಟ್ಸ್ ಬಂದಿದ್ದ ಒಂದು ವರ್ಷದ ಮಗುವನ್ನೆತ್ತಿಕೊಂಡು ತಂದೆ ಓಡಿಬಂದರು. ಮಗುವಿನ ಮುಷ್ಟಿಯಲ್ಲಿ ಅಜ್ಜಿ ತುರುಕಿದ್ದ ಕಬ್ಬಿಣದ ಬೀಗದ ಕೈ. (ಅದರಿಂದ ಫಿಟ್ಸ್ ನಿಲ್ಲದು. ಮಗುವನ್ನು ಮಗ್ಗುಲಾಗಿ ಮಲಗಿಸಬೇಕು, ಬಾಯಿಗೆ ಏನನ್ನೂ ಹಾಕಬಾರದು.) ತೂಕ 10 ಕಿಲೋ, ವೈದ್ಯರು ಹೇಳಿದ್ದು 1 ಮಿಲಿಗ್ರಾಂ ಮಿಡಜೋಲಾಂ. ಈ ಔಷಧ ಮಿಲಿಲೀಟರಿಗೆ 1 ಮಿಲಿಗ್ರಾಂ ಇರುವಂತೆಯೂ 5 ಮಿಲಿಗ್ರಾಂ ಇರುವಂತೆಯೂ ದೊರೆಯುತ್ತದೆ. ಫೋನು ಬಡಿದುಕೊಳ್ಳುತ್ತಿತ್ತು, "ಏನಾಗಿದೆ ಸಿಸ್ಟರ್, ಹೇಳಿ" ಎಂದು ತಂದೆ ಅಂಗಲಾಚುತ್ತಿದ್ದರು. ನಾನು ಸಿರಿಂಜಿಗೆ 1 ಮಿಲಿಲೀಟರ್ ಎಳೆದುಕೊಂಡೆ.

"ಯಾವ ಆಂಪ್ಯೂಲ್ ಅದು? ಓದಿ ಹೇಳಮ್ಮ" ಎಂದರು ಪಕ್ಕದಲ್ಲಿದ್ದ ಹಿರಿಯ ದಾದಿ. ಓದಿದೆ. ಸಿರಿಂಜಿನಲ್ಲಿದ್ದುದು ಐದು ಪಟ್ಟು ಔಷಧ; ಮಗುವಿನ ಉಸಿರು ನಿಲ್ಲಿಸಲು ಅಷ್ಟು ಸಾಕಾಗಬಹುದಿತ್ತು.

ಮಗು ಚೇತರಿಸಿಕೊಂಡಿತು. ಬೆಳಿಗ್ಗೆ ಆ ತಂದೆ ಕೈಮುಗಿದಾಗ ನನಗೆ ಅವರ ಮುಖ ನೋಡಲಾಗಲಿಲ್ಲ.

ವರ್ಷದೊಳಗೆ, ರಾತ್ರಿ ಪಾಳಿಗೆ ಒಬ್ಬ ದಾದಿ ಸಾಕೆಂದು ಆಡಳಿತದವರು ತೀರ್ಮಾನಿಸಿದರು. ಔಷಧದ ಪುಸ್ತಕದಲ್ಲಿ ಮಾತ್ರ ಕೊಟ್ಟವರು, ಪರೀಕ್ಷಿಸಿದವರು ಎಂದು ಎರಡು ಸಹಿಗಳಿಗೆ ಜಾಗ ಉಳಿದೇ ಇತ್ತು. ಎರಡನೆಯದನ್ನೂ ನಾನೇ ಹಾಕುತ್ತಿದ್ದೆ.