ಕೊಲ್ಹಾಪುರದ ಆಕಾಶ, ನಮ್ಮ ಕಡಲು: ಪಿಯುಸಿ ಸೇರುವ ಮಕ್ಕಳಿಗೆ ಒಂದು ಮಾತು

ನಮ್ಮಂಥ ಬಟ್ಟೆ ವ್ಯಾಪಾರದವರಿಗೆ ಇಚಲಕರಂಜಿ ಅಂದ್ರೆ ಪವರ್‌ಲೂಮ್. ಮಾಲು ನೋಡಿ, ರೇಟು ಮಾತಾಡಿ, ಲಾರಿಗೆ ಹಾಕಿಸಿದರೆ ಕೆಲಸ ಮುಗಿಯಿತು. ಆದರೆ 2019ರ ಆಗಸ್ಟ್‌ನಲ್ಲಿ, ಬಕ್ರೀದ್‌ಗೆ ವಾರ ಇರುವಾಗ, ಪಂಚಗಂಗಾ ನದಿ ಉಕ್ಕಿ ಕೊಲ್ಹಾಪುರದ ಬಳಿ ಪುಣೆ-ಬೆಂಗಳೂರು ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಹಬ್ಬದ ಮಾಲು ಅಲ್ಲೇ ಬಾಕಿ. ಆಗ ಗಡಹಿಂಗ್ಲಜ್‌ನ ಕನ್ನಡ ಮಾತಾಡುವ ವ್ಯಾಪಾರಿಯೊಬ್ಬರು ಫೋನಿನಲ್ಲಿ ಹೇಳಿದ್ದು ಇನ್ನೂ ನೆನಪುಂಟು: "ಮಳಿ ದೇವರ ಕೈಯಾಗ ಐತಿ ಸಾಹೇಬ್ರ, ನೀರು ಎಲ್ಲಿತನಕ ಬರ್ತೈತಿ ಅನ್ನೋ ಲೆಕ್ಕ ಮನುಷ್ಯಾರ ಕೈಯಾಗ ಐತಿ."

ಆ ಲೆಕ್ಕವನ್ನೇ ಒಂದು ವಿದ್ಯೆಯಾಗಿ ಕಲಿಸುತ್ತಾರೆ. ಅದಕ್ಕೆ ಭೂವಿಜ್ಞಾನ, ಸಾಗರ ವಿಜ್ಞಾನ, ವಾಯುಮಂಡಲ ಮತ್ತು ಬಾಹ್ಯಾಕಾಶ ವಿಜ್ಞಾನ ಎಂದು ಹೆಸರು. ನಮ್ಮ ಮನೆಗಳಲ್ಲಿ ಈ ಹೆಸರುಗಳು ಕೇಳಿಬರುವುದು ಕಡಿಮೆ.

ಆಕಾಶ

ಕೊಲ್ಹಾಪುರದಲ್ಲಿ 1962ರಲ್ಲಿ ಶುರುವಾದ ಶಿವಾಜಿ ವಿಶ್ವವಿದ್ಯಾಲಯ ಉಂಟು. ಅದರ ಕ್ಯಾಂಪಸ್‌ನಲ್ಲಿ ಭಾರತೀಯ ಭೂಕಾಂತತ್ವ ಸಂಸ್ಥೆಯವರು ಒಂದು ರೇಡಾರ್ ಹಾಕಿ ಅಧ್ಯಯನ ಮಾಡಿದ್ದಾರೆ. ಅದು ನೋಡುವುದು ವಿಮಾನವನ್ನಲ್ಲ, ಗಾಳಿಯನ್ನು. ಹವಾಮಾನ ಬಲೂನು ಸುಮಾರು 30-35 ಕಿ.ಮೀ. ಎತ್ತರಕ್ಕೆ ಹೋಗಿ ಒಡೆಯುತ್ತದೆ. ಉಪಗ್ರಹಗಳು ಇನ್ನೂ ಎಷ್ಟೋ ಮೇಲೆ ಸುತ್ತುತ್ತವೆ. ನಡುವಿನ ಗಾಳಿಯನ್ನು ಅಳೆಯುವುದು ಕಷ್ಟ. ಈ ರೇಡಾರ್ ರೇಡಿಯೋ ಅಲೆಗಳನ್ನು ಮೇಲಕ್ಕೆ ಕಳಿಸಿ, ವಾಪಸ್ ಬರುವ ಸಣ್ಣ ಪ್ರತಿಧ್ವನಿಯಿಂದ ಸುಮಾರು 70ರಿಂದ 98 ಕಿ.ಮೀ. ಎತ್ತರದಲ್ಲಿ ಗಾಳಿ ಯಾವ ಕಡೆಗೆ, ಎಷ್ಟು ವೇಗದಲ್ಲಿ ಬೀಸುತ್ತದೆ ಎಂದು ಲೆಕ್ಕ ಹಾಕುತ್ತದೆ.

ನೆಲ

ಕೊಲ್ಹಾಪುರದಿಂದ ಉತ್ತರಕ್ಕೆ, ಸತಾರಾ ಜಿಲ್ಲೆಯಲ್ಲಿ ಕೊಯ್ನಾ ಅಣೆಕಟ್ಟು. 1967ರ ಡಿಸೆಂಬರ್ 11ರಂದು ಅಲ್ಲಿ 6.3 ತೀವ್ರತೆಯ ಭೂಕಂಪ ಆಯಿತು. ಜಲಾಶಯದಲ್ಲಿ ನಿಂತ ನೀರಿನ ಭಾರ ಮತ್ತು ಬಂಡೆಯ ಬಿರುಕಿಗೆ ಇಳಿಯುವ ನೀರಿನ ಒತ್ತಡದಿಂದ ನೆಲ ಕಂಪಿಸಬಹುದು ಎಂಬುದಕ್ಕೆ ಪ್ರಪಂಚದಲ್ಲೇ ದೊಡ್ಡ ಉದಾಹರಣೆ ಅದು. ಇವತ್ತೂ ಅಲ್ಲಿ ಸಣ್ಣ ಕಂಪನಗಳು ನಿಂತಿಲ್ಲ. ಕಾರಣ ಹುಡುಕಲು ಕೇಂದ್ರ ಸರಕಾರದ ಭೂವಿಜ್ಞಾನ ಸಚಿವಾಲಯವು ಕರಾಡ್‌ನಲ್ಲಿ ಪ್ರಯೋಗಾಲಯ ಮಾಡಿದೆ. ಕೊಯ್ನಾ ಪ್ರದೇಶದಲ್ಲಿ 3 ಕಿ.ಮೀ. ಆಳಕ್ಕೆ ಬಾವಿ ಕೊರೆದು ಬಂಡೆಯನ್ನು ಪರೀಕ್ಷಿಸಿದ್ದಾರೆ.

ಕಡಲು

ಇದೆಲ್ಲ ಘಟ್ಟದ ಮೇಲಿನ ವಿಷಯ, ನಮಗೇನು ಅನ್ನಬೇಡಿ. ಮೀನು ಎಲ್ಲಿ ಸಿಗಬಹುದು, ಅಲೆ ಎಷ್ಟು ಎತ್ತರ ಬರಬಹುದು ಎಂದು ನಮ್ಮ ಬೋಟಿನವರಿಗೆ ಬರುವ ಸೂಚನೆಗಳು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯಲ್ಲಿ ತಯಾರಾಗುತ್ತವೆ. ಉಪಗ್ರಹದಿಂದ ಕಡಲ ನೀರಿನ ಬಿಸಿ ಮತ್ತು ಬಣ್ಣ ನೋಡಿ ಮೀನಿನ ಜಾಗ ಅಂದಾಜು ಮಾಡುತ್ತಾರೆ. ಕಡಲನ್ನೇ ನಂಬಿದ ನಮ್ಮ ಮನೆಗಳಿಂದ ಈ ಕೆಲಸಕ್ಕೆ ಮಕ್ಕಳು ಯಾಕೆ ಹೋಗಬಾರದು?

ಎಲ್ಲಿ ಕಲಿಯುವುದು?

ದೂರ ಹೋಗಬೇಕೆಂದಿಲ್ಲ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನ ವಿಭಾಗ ಉಂಟು. ಸುರತ್ಕಲ್ ಎನ್‌ಐಟಿಕೆಯಲ್ಲಿ ಜಲಸಂಪನ್ಮೂಲ ಮತ್ತು ಸಾಗರ ಇಂಜಿನಿಯರಿಂಗ್ ಉಂಟು. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಿಂದಲೇ ಇದೆ. ಬಾಹ್ಯಾಕಾಶಕ್ಕೆ ತಿರುವನಂತಪುರದ ಐಐಎಸ್‌ಟಿ. ಅಲ್ಲಿನ ಬಿ.ಟೆಕ್‌ಗೆ ಜೆಇಇ ಅಡ್ವಾನ್ಸ್‌ಡ್ ಬರೆಯಬೇಕು. ಬಿ.ಎಸ್ಸಿ. ಆದವರು ಜಾಮ್ ಪರೀಕ್ಷೆ ಬರೆದು ಐಐಟಿಗಳಲ್ಲಿ ಎಂ.ಎಸ್ಸಿ. ಮಾಡಬಹುದು. ಸಂಶೋಧನೆಗೆ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ನಮ್ಮಿಂದ ಒಂದು ರೈಲಿನ ದೂರ.

ಆದರೆ ಒಂದು ವಿಷಯ ಗಮನಿಸಿ. ಭೂವಿಜ್ಞಾನ, ಮೀನುಗಾರಿಕೆಗೆ ಬಯಾಲಜಿ ಓದಿದವರೂ ಹೋಗಬಹುದು. ಆಕಾಶ, ಹವಾಮಾನ, ಭೂಕಂಪದ ಕಡೆಗೆ ಹೋಗಲು ಫಿಸಿಕ್ಸ್ ಮತ್ತು ಗಣಿತ ಬೇಕೇ ಬೇಕು. "ಗಣಿತ ಕಷ್ಟ" ಎಂದು ಪಿಯುಸಿಯಲ್ಲಿ ಬಿಟ್ಟರೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೆ. ನಾನು ಬಿ.ಕಾಂ. ಓದಿದವ. ಅದಕ್ಕೆ ಬೇಸರ ಇಲ್ಲ, ಅಲ್‌ಹಮ್ದುಲಿಲ್ಲಾಹ್, ಅಂಗಡಿ ನಡೀತಾ ಉಂಟು. ಆದರೆ ಆಗ ಇಂಥ ದಾರಿ ಇದೆ ಎಂದು ನನಗೆ ಯಾರೂ ಹೇಳಲಿಲ್ಲ.

ರಂಝಾನ್ ಚಂದ್ರ ಕಾಣ್ತದಾ ಎಂದು ಮಸೀದಿಯ ಅಂಗಳದಲ್ಲಿ ನಿಂತು ಆಕಾಶ ನೋಡುವ ಮಕ್ಕಳು ನಮ್ಮಲ್ಲಿ ಎಷ್ಟೋ ಮಂದಿ. ಈ ಸಲ ಎಸೆಸೆಲ್ಸಿ ಮುಗಿಸಿದ ಮಗನೋ ಮಗಳೋ ಮನೆಯಲ್ಲಿದ್ದರೆ, ಅಡ್ಮಿಷನ್‌ಗೆ ಮುಂಚೆ ಅವರನ್ನು ಒಂದು ದಿನ ಕೊಣಾಜೆಗೆ ಕರೆದುಕೊಂಡು ಹೋಗಿ ವಿಚಾರಿಸಿ.