ಹಂಗಾಮಿ ಮತ್ತು ಖಾಯಂ: ಅಂಗಡಿಯ ನೌಕರಿಯಲ್ಲಿ ಮಂದಕಾಲದ ಪ್ರಶ್ನೆ

೧

ಪಾರಸಿ, ಅರಬ್ಬಿಗಳಿಂದ ನಮ್ಮ ವ್ಯವಹಾರದ ಕನ್ನಡಕ್ಕೆ ಬಂದು ಸೇರಿರುವ ಪದಗಳಲ್ಲಿ ‘ಹಂಗಾಮಿ’, ‘ಖಾಯಂ’ ಎಂಬ ಜೋಡಿಯು ಗಮನಾರ್ಹವಾದುದು. ಪಾರಸಿಯ ‘ಹಂಗಾಮ್’ ಎಂದರೆ ಸಮಯ, ಸಂದರ್ಭ. ಉತ್ತರ ಕರ್ನಾಟಕದ ಒಕ್ಕಲಿಗನು ಮುಂಗಾರಿ ಹಂಗಾಮು, ಹಿಂಗಾರಿ ಹಂಗಾಮು ಎನ್ನುವಾಗ ಆ ಪದವು ಬೆಳೆಯ ಕಾಲವನ್ನು ಸೂಚಿಸುತ್ತದೆ. ಕಚೇರಿಯ ಕಡತದಲ್ಲಿ ಅದೇ ಪದವು ‘ಹಂಗಾಮಿ’ ಎಂಬ ರೂಪದಿಂದ ತಾತ್ಕಾಲಿಕ ನೌಕರನಿಗೆ ಅಂಟಿಕೊಳ್ಳುತ್ತದೆ. ಅರಬ್ಬಿ ಮೂಲದ ‘ಖಾಯಂ’ ಎಂಬುದಕ್ಕೆ ನಿಂತಿರುವುದು, ನೆಲೆಯಾದುದು ಎಂದರ್ಥ. ಹಂಗಾಮಿನವನು ಖಾಯಂ ಆಗುವುದೆಂದರೆ ಕಾಲದೊಡನೆ ಬಂದವನು ಕಾಲ ಸರಿದ ಮೇಲೆಯೂ ನಿಲ್ಲುವುದು ಎಂದು ಹೇಳಬಹುದು.

ಈ ಪ್ರಶ್ನೆಯು ಕೇವಲ ಶಬ್ದವಿಚಾರದ್ದಲ್ಲ. ಕಾಲೇಜಿನ ಶುಲ್ಕಕ್ಕಾಗಿಯೋ ಮನೆಯ ಖರ್ಚಿಗಾಗಿಯೋ ದಸರಾ, ದೀಪಾವಳಿ, ಮದುವೆಯ ಕಾಲಗಳಲ್ಲಿ ಜವಳಿ ಅಂಗಡಿ, ಪಾದರಕ್ಷೆಯ ಅಂಗಡಿ, ಪಾತ್ರೆ ಅಂಗಡಿಗಳಲ್ಲಿ ನಿಲ್ಲುವ ವಿದ್ಯಾರ್ಥಿಗಳು ನಮ್ಮ ತರಗತಿಗಳಲ್ಲಿಯೇ ಇದ್ದಾರೆ. ಅವರಲ್ಲಿ ಹಲವರಿಗೆ ಆ ನೌಕರಿಯನ್ನು ನೆಲೆಯಾಗಿಸಿಕೊಳ್ಳುವ ಅಪೇಕ್ಷೆ ಇರುತ್ತದೆ. ಅದಕ್ಕೆ ಉಪಾಯವೇನೆಂದು ಕೇಳಿದರೆ ಹಿರಿಯರು ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ: ಮೈಮುರಿದು ದುಡಿದವನನ್ನು ಯಜಮಾನನು ಬಿಡುವುದಿಲ್ಲ. ಈ ಉತ್ತರವು ಅರ್ಧ ಮಾತ್ರ ನಿಜ. ಗಿರಾಕಿಗಳ ನೂಕುನುಗ್ಗಲಿನಲ್ಲಿ ಎಲ್ಲರೂ ಮೈಮುರಿದು ದುಡಿಯುತ್ತಾರೆ. ಆದರೂ ಹಬ್ಬ ಮುಗಿದ ಮರುವಾರ ಹೆಚ್ಚಿನವರು ಮನೆಗೆ ಹೋಗುತ್ತಾರೆ. ಉಳಿಯುವವನನ್ನು ನಿರ್ಣಯಿಸುವುದು ಬಿರುಸಿನ ಕಾಲವಲ್ಲ, ಮಂದಕಾಲ. ಈ ಮಾತನ್ನು ಮೊದಲು ದೊಡ್ಡ ಅಂಗಡಿಗಳು ಹುಟ್ಟಿದ ಪಾಶ್ಚಾತ್ಯ ನಗರಗಳ ಇತಿಹಾಸದಿಂದಲೂ, ಬಳಿಕ ನಮ್ಮ ದೇಶದ ಕಾಯಿದೆಗಳಿಂದಲೂ ವಿಶದಪಡಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಒಂದೇ ಸೂರಿನಡಿಯಲ್ಲಿ ನಾನಾ ವಿಭಾಗಗಳನ್ನು ತೆರೆದು, ನಿಗದಿಯಾದ ಬೆಲೆಗೆ ಸರಕನ್ನು ಮಾರುವ ದೊಡ್ಡ ಅಂಗಡಿಯು ಹತ್ತೊಂಬತ್ತನೆಯ ಶತಮಾನದ ಸೃಷ್ಟಿ. ಪ್ಯಾರಿಸಿನ ಬಾನ್ ಮಾರ್ಷೆ ಅಂಗಡಿಗೆ ಅರಿಸ್ತೀದ್ ಬೂಸಿಕೋ ಎಂಬಾತನು ೧೮೫೨ರಲ್ಲಿ ಪಾಲುದಾರನಾಗಿ ಸೇರಿದನು. ೧೮೮೦ರ ದಶಕದ ವೇಳೆಗೆ ಅಲ್ಲಿ ಎರಡು ಸಾವಿರಕ್ಕೂ ಮೀರಿದ ನೌಕರರಿದ್ದರು. ಅಂಗಡಿಯು ಇಷ್ಟು ಬೆಳೆದಾಗ ಋತುಮಾನದ ಏರಿಳಿತವೂ ಅದೇ ಪ್ರಮಾಣದಲ್ಲಿ ಬೆಳೆಯಿತು. ಚಿಕ್ಕ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ದಿನ ಯಜಮಾನನೂ ಇಬ್ಬರು ಸಹಾಯಕರೂ ಸುಮ್ಮನೆ ಕುಳಿತಿರುತ್ತಾರೆ. ಸಾವಿರಾರು ಜನರ ಅಂಗಡಿಯಲ್ಲಿ ಹಾಗೆ ಕುಳಿತವರ ಸಂಬಳವು ಲೆಕ್ಕಪತ್ರದಲ್ಲಿ ಎದ್ದು ಕಾಣುತ್ತದೆ. ಫ್ರೆಂಚರು ‘ಸತ್ತ ಋತು’ ಎಂದು ಕರೆಯುವ ಬೇಸಗೆಯ ಮಂದಕಾಲದಲ್ಲಿ ನೌಕರರನ್ನು ಗುಂಪುಗುಂಪಾಗಿ ತೆಗೆದುಹಾಕುವ ಪದ್ಧತಿ ಹೀಗೆ ಬೇರೂರಿತು.

ಈ ಪದ್ಧತಿಯ ಚಿತ್ರವು ಎಮಿಲ್ ಜೋಲಾನ ‘ಓ ಬೊನೇರ್ ದೆ ದಾಮ್’ ಎಂಬ ಕಾದಂಬರಿಯಲ್ಲಿ ದೊರೆಯುತ್ತದೆ. ಅದು ಪುಸ್ತಕರೂಪದಲ್ಲಿ ೧೮೮೩ರಲ್ಲಿ ಪ್ರಕಟವಾಯಿತು. ಅದಕ್ಕಾಗಿ ಜೋಲಾನು ಪ್ಯಾರಿಸಿನ ದೊಡ್ಡ ಅಂಗಡಿಗಳಿಗೆ ಹೋಗಿ ವಿಸ್ತಾರವಾದ ಟಿಪ್ಪಣಿಗಳನ್ನು ಮಾಡಿಕೊಂಡಿದ್ದನು. ಆದುದರಿಂದ ಕಾದಂಬರಿಯಾದರೂ ಇತಿಹಾಸಕಾರನು ಅದನ್ನು ತಳ್ಳಿಹಾಕುವಂತಿಲ್ಲ. ಚಿಕ್ಕ ಪಟ್ಟಣದಿಂದ ಬಂದ ದೆನೀಸ್ ಎಂಬ ತರುಣಿಯು ಅಂಗಡಿಯಲ್ಲಿ ಕೆಲಸಕ್ಕೆ ಸೇರುತ್ತಾಳೆ. ಬೇಸಗೆಯ ಮಂದಕಾಲ ಬಂದಾಗ ಕ್ಷುಲ್ಲಕವಾದ ನೆಪದ ಮೇಲೆ ಹೊರಬೀಳುತ್ತಾಳೆ. ಮತ್ತೆ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ, ಒಂದು ವಿಭಾಗದ ಮುಖ್ಯಸ್ಥೆಯಾಗುತ್ತಾಳೆ. ತನಗೆ ಅಧಿಕಾರ ದೊರೆತಾಗ ಅವಳು ಒತ್ತಾಯಿಸಿ ತರಿಸಿದ ಸುಧಾರಣೆಗಳಲ್ಲಿ ಒಂದನ್ನು ವಿಶೇಷವಾಗಿ ಲಕ್ಷಿಸಬೇಕು. ಮಂದಕಾಲದ ಸಾಮೂಹಿಕ ವಜಾಗಳಿಗೆ ಬದಲಾಗಿ ಆ ಕಾಲದಲ್ಲಿ ರಜೆ ಕೊಡುವ ಏರ್ಪಾಡು ಅದು. ಕೆಲಸವಿಲ್ಲದ ದಿನಗಳಲ್ಲಿ ನೌಕರನು ಅಂಗಡಿಗೆ ಬಾರದೆ ಇರಬಹುದು, ಆದರೆ ಅಂಗಡಿಯವನಾಗಿಯೇ ಇರಬೇಕು ಎಂಬ ತತ್ತ್ವವು ಇಲ್ಲಿ ಸ್ಪಷ್ಟವಾಗಿ ಮೂಡಿದೆ. ಹಂಗಾಮಿಗೂ ಖಾಯಮಿಗೂ ಇರುವ ಅಂತರವು ನಿಜವಾಗಿ ಇಷ್ಟೇ.

ವಾಸ್ತವ ಜಗತ್ತಿನಲ್ಲಿ ವರ್ತಕರು ಹಿಡಿದ ಮಾರ್ಗಗಳು ಎರಡು. ಮೊದಲನೆಯದು, ಬಹುಕಾಲ ಉಳಿದವನಿಗೆ ಲಾಭ ದೊರೆಯುವಂತೆ ಮಾಡುವುದು. ಬೂಸಿಕೋ ೧೮೭೬ರಲ್ಲಿ ಸ್ಥಾಪಿಸಿದ ಭವಿಷ್ಯನಿಧಿಯಲ್ಲಿ ಐದು ವರ್ಷ ಸೇವೆ ಪೂರೈಸಿದ ನೌಕರರಿಗೆ ಪಾಲು ದೊರೆಯುತ್ತಿತ್ತು. ಎರಡನೆಯದು, ಮಂದಕಾಲಕ್ಕೇ ವ್ಯಾಪಾರವನ್ನು ಹುಟ್ಟಿಸುವುದು. ಹೊಸವರ್ಷದ ಸಡಗರ ಮುಗಿದ ಬಳಿಕ ಬಿಳಿಯ ಬಟ್ಟೆಗಳನ್ನು ರಿಯಾಯಿತಿಯಲ್ಲಿ ಮಾರುವ ಪದ್ಧತಿಯು ಇಂಥ ಉಪಾಯ. ನಮ್ಮಲ್ಲಿ ಮದುವೆಮುಂಜಿಗಳಿಲ್ಲದ ಆಷಾಢದಲ್ಲಿ ಜವಳಿ ಅಂಗಡಿಗಳು ನಡೆಸುವ ರಿಯಾಯಿತಿ ಮಾರಾಟದ ಹಿಂದೆ ಇರುವುದೂ ಇದೇ ತರ್ಕ. ಗಿರಾಕಿಗೆ ಅದು ಅಗ್ಗದ ಬಟ್ಟೆ. ಅಂಗಡಿಯ ನೌಕರನಿಗೆ ಅದು ಕೆಲಸ ಕಡಿಯದ ಒಂದು ತಿಂಗಳು.

೩

ಅಮೆರಿಕದ ನಗರಗಳಲ್ಲಿ ಬಿರುಸಿನ ಕಾಲವೆಂದರೆ ಕ್ರಿಸ್ಮಸ್. ಆಗ ಹೆಚ್ಚುವರಿ ನೌಕರರನ್ನು, ಅದರಲ್ಲಿಯೂ ಎಳೆಯ ಹುಡುಗ ಹುಡುಗಿಯರನ್ನು, ಕೆಲವು ವಾರಗಳ ಮಟ್ಟಿಗೆ ತೆಗೆದುಕೊಂಡು ರಾತ್ರಿಯವರೆಗೂ ದುಡಿಸಿಕೊಳ್ಳುತ್ತಿದ್ದರು. ೧೮೯೧ರಲ್ಲಿ ನ್ಯೂಯಾರ್ಕಿನಲ್ಲಿಯೂ, ೧೮೯೯ರಲ್ಲಿ ರಾಷ್ಟ್ರಮಟ್ಟದಲ್ಲಿಯೂ ಸ್ಥಾಪಿತವಾದ ಗ್ರಾಹಕರ ಸಂಘಗಳು ಈ ವಿಷಯವನ್ನು ಕೈಗೆತ್ತಿಕೊಂಡವು. ರಾಷ್ಟ್ರೀಯ ಸಂಘದ ಕಾರ್ಯದರ್ಶಿನಿ ಫ್ಲಾರೆನ್ಸ್ ಕೆಲ್ಲಿಯು, ಹಬ್ಬದ ಖರೀದಿಯನ್ನು ಮುಂಚಿತವಾಗಿಯೇ ಮುಗಿಸಬೇಕೆಂದು ಗ್ರಾಹಕರಿಗೆ ಬೋಧಿಸುವ ಪ್ರಚಾರದಲ್ಲಿ ಪ್ರಮುಖಳಾಗಿದ್ದಳು. ಖರೀದಿಯು ಹಲವು ವಾರಗಳ ಮೇಲೆ ಹರಡಿಕೊಂಡರೆ ನೌಕರರ ಮೇಲೆ ಬೀಳುವ ಹೊರೆಯೂ ಹರಡುತ್ತದೆ ಎಂಬುದು ಅದರ ತಿರುಳು. ಆದರೆ ಇದು ದುಡಿಮೆಯ ಕಾಠಿಣ್ಯವನ್ನು ತಗ್ಗಿಸುವ ಯತ್ನವೇ ಹೊರತು ಹಂಗಾಮಿನವರನ್ನು ನೆಲೆಗೊಳಿಸುವ ಯತ್ನವಲ್ಲ.

ನೆಲೆಗೊಳಿಸುವ ದಿಕ್ಕಿನಲ್ಲಿ ಹೆಚ್ಚು ಫಲಕಾರಿಯಾದುದು ಬಾಸ್ಟನ್ ನಗರದ ಪ್ರಯೋಗ. ಅಲ್ಲಿ ಲೂಸಿಂಡಾ ಪ್ರಿನ್ಸ್ ಎಂಬಾಕೆಯು ೧೯೦೫ರಲ್ಲಿ ಮಾರಾಟಗಾರ್ತಿಯರಿಗಾಗಿ ಒಂದು ಶಾಲೆಯನ್ನು ಆರಂಭಿಸಿದಳು. ಬಟ್ಟೆಯ ನೂಲು ನೇಯ್ಗೆಗಳ ಜ್ಞಾನ, ಅಂಗಡಿಯ ಲೆಕ್ಕ, ಗಿರಾಕಿಯೊಡನೆ ವ್ಯವಹರಿಸುವ ಬಗೆ ಇವು ಅಲ್ಲಿನ ಪಾಠಗಳು. ನಗರದ ದೊಡ್ಡ ಅಂಗಡಿಗಳ ಸಹಕಾರದಿಂದ ವಿದ್ಯಾರ್ಥಿನಿಯರು ದಿನದ ಕೆಲಭಾಗ ತರಗತಿಯಲ್ಲಿಯೂ ಕೆಲಭಾಗ ಅಂಗಡಿಯಲ್ಲಿಯೂ ಇರುತ್ತಿದ್ದರು. ಸರಕನ್ನು ಬಲ್ಲವಳಿಗೂ ಬರಿಯ ಕೈಯಾಳಿಗೂ ವ್ಯತ್ಯಾಸವುಂಟೆಂಬುದನ್ನು ಈ ಪ್ರಯೋಗವು ವರ್ತಕರಿಗೆ ಮನಗಾಣಿಸಿತು. ಹಬ್ಬದ ಗದ್ದಲದಲ್ಲಿ ಬೇಕಾಗುವುದು ಕೈಗಳು. ಗದ್ದಲ ಅಡಗಿದಾಗ ಬೇಕಾಗುವುದು ತಿಳಿವಳಿಕೆ. ದಾಸ್ತಾನನ್ನು ಎಣಿಸುವುದು, ಉಳಿದ ಥಾನುಗಳನ್ನು ವಿಂಗಡಿಸುವುದು, ಮುಂದಿನ ಹಂಗಾಮಿಗೆ ಯಾವ ಸರಕು ಎಷ್ಟು ಬೇಕೆಂದು ಅಂದಾಜು ಮಾಡುವುದು, ಹಳೆಯ ಗಿರಾಕಿಯ ಅಭಿರುಚಿಯನ್ನು ನೆನಪಿನಲ್ಲಿಡುವುದು, ಇವೆಲ್ಲ ಮಂದಕಾಲದ ಕೆಲಸಗಳು. ಇವುಗಳಲ್ಲಿ ಒಂದನ್ನಾದರೂ ಕಲಿತವನನ್ನು ಕಳೆದುಕೊಂಡರೆ, ಅವನಿಗೆ ಸಮನಾದವನನ್ನು ತಯಾರಿಸುವ ವೆಚ್ಚವು ಯಜಮಾನನ ಮೇಲೆಯೇ ಬೀಳುತ್ತದೆ. ಹಂಗಾಮಿ ನೌಕರನಿಗಿರುವ ಮೊದಲನೆಯ ಬಲ ಇದು.

೪

ಆದರೆ ಯಜಮಾನನ ಲೆಕ್ಕಾಚಾರವೊಂದನ್ನೇ ನಂಬಿದ ನೆಲೆಯು ಅವನ ಮನಸ್ಸು ಬದಲಾದೊಡನೆ ಕುಸಿಯುತ್ತದೆ. ಎರಡನೆಯ ಬಲವು ಕಾಯಿದೆಯಿಂದ ಬರಬೇಕಾಯಿತು. ನಮ್ಮ ರಾಜ್ಯದಲ್ಲಿ ೧೯೬೧ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯು ಸತತವಾಗಿ ಆರು ತಿಂಗಳ ಸೇವೆ ಪೂರೈಸಿದ ನೌಕರನನ್ನು, ಯುಕ್ತವಾದ ಕಾರಣವಿಲ್ಲದೆಯೂ ಒಂದು ತಿಂಗಳ ನೋಟೀಸು ಅಥವಾ ಅದಕ್ಕೆ ಬದಲಾಗಿ ಸಂಬಳವಿಲ್ಲದೆಯೂ ತೆಗೆದುಹಾಕಕೂಡದೆಂದು ವಿಧಿಸುತ್ತದೆ. ನೌಕರನಿಗೆ ಮೂವತ್ತು ದಿನಗಳೊಳಗೆ ಲಿಖಿತ ನೇಮಕಾತಿ ಪತ್ರವನ್ನು ಕೊಡಬೇಕೆಂಬ ವಿಧಿಯೂ ಇದೇ ಕಾಯಿದೆಯಲ್ಲಿದೆ.

ಇದಕ್ಕಿಂತ ಪ್ರಸಿದ್ಧವಾದುದು ೧೯೪೭ರ ಕೈಗಾರಿಕಾ ವಿವಾದಗಳ ಕಾಯಿದೆ. ೧೯೫೩ರ ತಿದ್ದುಪಡಿಯು ಅದಕ್ಕೆ ಹೊಸ ಅಧ್ಯಾಯವೊಂದನ್ನು ಸೇರಿಸಿ, ಹನ್ನೆರಡು ತಿಂಗಳಲ್ಲಿ ೨೪೦ ದಿನ ದುಡಿದವನು ಒಂದು ವರ್ಷದ ಸತತ ಸೇವೆಯನ್ನು ಪೂರೈಸಿದಂತೆ ಎಂದು ಭಾವಿಸಿತು. ಅಂಥವನನ್ನು ಕಡಿತ ಮಾಡಬೇಕಾದರೆ ಒಂದು ತಿಂಗಳ ನೋಟೀಸನ್ನೂ, ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ಸರಾಸರಿ ವೇತನದಂತೆ ಪರಿಹಾರವನ್ನೂ ಕೊಡಬೇಕು. ನೌಕರನ ತಪ್ಪಿಲ್ಲದೆ ಕೆಲಸ ನಿಂತುಹೋದರೆ ಸೇವೆಯು ಕಡಿದಂತಾಗದೆಂಬ ಮಾತೂ ಕಾಯಿದೆಯಲ್ಲಿತ್ತು. ಅಮೆರಿಕನ್ ಎಕ್ಸ್‌ಪ್ರೆಸ್ ಬ್ಯಾಂಕಿನ ನೌಕರರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೮೫ರಲ್ಲಿ, ವೇತನಸಹಿತವಾದ ಭಾನುವಾರ ಹಾಗೂ ರಜಾದಿನಗಳನ್ನೂ ಈ ೨೪೦ರಲ್ಲಿ ಎಣಿಸತಕ್ಕದ್ದೆಂದು ನಿರ್ಣಯಿಸಿತು.

ಅಂಗಡಿಯ ಹಂಗಾಮುಗಳಿಗೆ ಈ ಎಣಿಕೆಯನ್ನು ಅನ್ವಯಿಸಿ ನೋಡೋಣ. ಮಾರ್ಚಿಯಿಂದ ಮೇವರೆಗಿನ ಮದುವೆಯ ಕಾಲಕ್ಕೆ ೯೨ ದಿನಗಳು, ದಸರಾ ದೀಪಾವಳಿಗಳ ಸಿದ್ಧತೆಯ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಿಗೆ ೬೧ ದಿನಗಳು, ಒಟ್ಟು ೧೫೩. ಎರಡೂ ಹಂಗಾಮುಗಳಲ್ಲಿ ಒಂದು ದಿನವೂ ತಪ್ಪದೆ ದುಡಿದರೂ ೮೭ ದಿನಗಳ ಕೊರತೆ ಉಳಿಯುತ್ತದೆ. ನಡುವಿನ ಜೂನ್, ಜುಲೈ, ಆಗಸ್ಟ್ ತಿಂಗಳುಗಳ ೯೨ ದಿನಗಳು ಸೇರಿದರೆ ೨೪೫ ಆಗುತ್ತದೆ. ಅರ್ಥಾತ್, ಬರಿಯ ಹಂಗಾಮುಗಳಿಂದ ಯಾರೂ ಈ ಗಡಿಯನ್ನು ಮುಟ್ಟಲಾರರು. ಮುಟ್ಟಿಸುವುದು ಮಳೆಗಾಲದ ಆ ಮಂದ ತಿಂಗಳುಗಳೇ. ಮಿಗುವ ದಿನಗಳಾದರೋ ಐದೇ. ನಡುವೆ ಒಂದು ವಾರದ ‘ವಿರಾಮ’ವನ್ನು ತಂದು, ಬಳಿಕ ಹೊಸ ನೇಮಕವೆಂದು ಹೆಸರು ಬರೆದರೆ ಲೆಕ್ಕವು ತಪ್ಪಿಹೋಗುತ್ತದೆ. ಕೃತಕ ವಿರಾಮದ ಈ ಹಂಚಿಕೆಯನ್ನು ನಮ್ಮ ದೇಶದ ಅನೇಕ ಉದ್ಯೋಗದಾತರು ಚೆನ್ನಾಗಿ ಕಲಿತರು.

ಇದಕ್ಕೆ ಕಾಯಿದೆಯು ಕೊಟ್ಟ ಉತ್ತರವು ದ್ವಿಮುಖವಾದುದು. ಖಾಯಂ ನೌಕರರ ಹಕ್ಕುಗಳನ್ನು ತಪ್ಪಿಸುವ ಉದ್ದೇಶದಿಂದ ಜನರನ್ನು ವರ್ಷಾನುಗಟ್ಟಲೆ ಬದಲಿ ಅಥವಾ ತಾತ್ಕಾಲಿಕ ನೌಕರರನ್ನಾಗಿಯೇ ಇಟ್ಟುಕೊಳ್ಳುವುದು ಅನುಚಿತ ಪದ್ಧತಿಯೆಂಬ ವಿಧಿಯು ೧೯೮೪ರ ಆಗಸ್ಟ್ ೨೧ರಂದು ಜಾರಿಗೆ ಬಂದಿತು. ಅದಕ್ಕೆ ಮೂರೇ ದಿನಗಳ ಮುಂಚೆ, ಅಂದರೆ ಆಗಸ್ಟ್ ೧೮ರಂದು, ಕರಾರಿನ ಅವಧಿ ಮುಗಿದು ಅದನ್ನು ನವೀಕರಿಸದೆ ಇದ್ದರೆ ಅದು ಕಡಿತವೇ ಅಲ್ಲವೆಂಬ ಇನ್ನೊಂದು ವಿಧಿಯು ಜಾರಿಗೆ ಬಂದಿತ್ತು. ಒಂದು ಕೈಯಿಂದ ಕೊಟ್ಟುದರಲ್ಲಿ ಒಂದಂಶವನ್ನು ಇನ್ನೊಂದು ಕೈಯು ಮೊದಲೇ ತೆಗೆದಿರಿಸಿದಂತಾಯಿತು. ಈ ಕಾಯಿದೆಯ ಸ್ಥಾನದಲ್ಲಿ ೨೦೨೫ರ ನವೆಂಬರ್ ೨೧ರಿಂದ ೨೦೨೦ರ ಕೈಗಾರಿಕಾ ಸಂಬಂಧಗಳ ಸಂಹಿತೆಯು ಜಾರಿಯಲ್ಲಿದೆ. ೨೪೦ ದಿನಗಳ ಎಣಿಕೆಯನ್ನೂ ಅನುಚಿತ ಪದ್ಧತಿಯ ನಿಷೇಧವನ್ನೂ ಅದು ಉಳಿಸಿಕೊಂಡಿದೆ. ನಿಶ್ಚಿತ ಅವಧಿಯ ನೌಕರನಿಗೆ ಖಾಯಂ ನೌಕರನಿಗೆ ಸಮನಾದ ವೇತನ ಸೌಲಭ್ಯಗಳು ದೊರೆಯಬೇಕೆಂದು ಅದು ವಿಧಿಸಿದರೂ, ಅವಧಿ ಮುಗಿದಾಗ ಅವನ ನಿರ್ಗಮನವನ್ನು ಕಡಿತವೆಂದು ಗಣಿಸುವುದಿಲ್ಲ.

೫

ಇಲ್ಲಿ ಸಾಮಾನ್ಯವಾಗಿ ಪ್ರಚಲಿತವಾಗಿರುವ ಎರಡು ತಪ್ಪು ತಿಳಿವಳಿಕೆಗಳನ್ನು ನಿವಾರಿಸುವುದು ಅವಶ್ಯ. ಮೊದಲನೆಯದು, ೨೪೦ ದಿನ ತುಂಬಿದೊಡನೆ ನೌಕರಿಯು ತಾನಾಗಿಯೇ ಖಾಯಮಾಗುತ್ತದೆಂಬುದು. ಹಾಗಿಲ್ಲ. ಆ ಎಣಿಕೆಯು ನೋಟೀಸು, ಪರಿಹಾರಗಳಿಲ್ಲದೆ ಹೊರಹಾಕುವುದನ್ನು ತಡೆಯುತ್ತದೆ, ಹುದ್ದೆಯನ್ನು ಸೃಷ್ಟಿಸುವುದಿಲ್ಲ. ಎರಡನೆಯದು, ಸರ್ಕಾರಿ ದಿನಗೂಲಿ ನೌಕರರ ಕುರಿತು ಕರ್ನಾಟಕದಿಂದಲೇ ಹೋದ ಉಮಾದೇವಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೬ರಲ್ಲಿ ಕೊಟ್ಟ ತೀರ್ಪು ಎಲ್ಲ ಹಂಗಾಮಿಗಳಿಗೂ ಬಾಗಿಲು ಮುಚ್ಚಿತೆಂಬುದು. ಆ ತೀರ್ಪಿನ ಆಧಾರವು ಸರ್ಕಾರಿ ನೇಮಕಾತಿಯಲ್ಲಿ ಸರ್ವರಿಗೂ ಸಮಾನಾವಕಾಶವಿರಬೇಕೆಂಬ ಸಂವಿಧಾನದ ತತ್ತ್ವ. ಖಾಸಗಿ ಅಂಗಡಿಯ ಯಜಮಾನನು ತನ್ನ ಹಂಗಾಮಿನ ನೌಕರನನ್ನು ಖಾಯಂ ಮಾಡಿಕೊಳ್ಳುವುದಕ್ಕೆ ಅದು ಅಡ್ಡಿಯಲ್ಲ.

ಇನ್ನು ದಿನಗಳನ್ನು ಎಣಿಸುವವರು ಯಾರು, ರುಜುವಾತು ಮಾಡುವವರು ಯಾರು ಎಂಬ ಪ್ರಶ್ನೆ. ಕರ್ನಾಟಕದ ಅರಣ್ಯ ಇಲಾಖೆಯ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೨ರಲ್ಲಿ, ೨೪೦ ದಿನ ದುಡಿದುದನ್ನು ಸ್ಥಾಪಿಸುವ ಹೊಣೆಯು ನೌಕರನದೇ, ಅವನ ಪ್ರಮಾಣಪತ್ರವೊಂದೇ ಅದಕ್ಕೆ ಸಾಲದು ಎಂದು ತೀರ್ಮಾನಿಸಿತು. ದಿನಗೂಲಿಯವನ ಕೈಯಲ್ಲಿ ನೇಮಕಾತಿ ಪತ್ರವಾಗಲಿ ರಸೀದಿಯಾಗಲಿ ಸಾಮಾನ್ಯವಾಗಿ ಇರುವುದಿಲ್ಲವೆಂಬುದನ್ನು ಅದೇ ನ್ಯಾಯಾಲಯವು ಬಳಿಕ ೨೦೦೬ರ ಸುಮಾರಿಗೆ ಒಪ್ಪಿಕೊಂಡು, ಹಾಜರಿ ಪುಸ್ತಕವನ್ನು ತರಿಸುವಂತೆ ಅವನು ಕೇಳಬಹುದೆಂದಿತು. ಹೊಣೆಯ ಭಾರವಾದರೋ ನೌಕರನ ಹೆಗಲಿನಿಂದ ಇಳಿಯಲಿಲ್ಲ. ದಾಖಲೆಗಳ ಬೆಲೆಯನ್ನು ಇತಿಹಾಸದ ವಿದ್ಯಾರ್ಥಿಗಳಿಗೆ ಬೇರೆ ಹೇಳಬೇಕಾಗಿಲ್ಲ. ಬರೆಹವಿಲ್ಲದ ದುಡಿಮೆಯು ನ್ಯಾಯಾಲಯದ ದೃಷ್ಟಿಯಲ್ಲಿ ನಡೆಯದ ದುಡಿಮೆಯೇ ಆಗಿಬಿಡುತ್ತದೆ.

ಮೇಲಿನ ವಿಚಾರದಿಂದ ಹಂಗಾಮಿನಲ್ಲಿ ಕೆಲಸಕ್ಕೆ ಸೇರುವ ತರುಣನಿಗೆ ಮೂರು ಮಾತುಗಳು ಹೊರಡುತ್ತವೆ. ಸೇರುವಾಗಲೇ ನೇಮಕಾತಿ ಪತ್ರವನ್ನು ಕೇಳಿ, ಅದರಲ್ಲಿ ಅವಧಿಯನ್ನು ಹೇಗೆ ಬರೆದಿದೆ ಎಂಬುದನ್ನು ಓದಿಕೊಳ್ಳಬೇಕು. ಹಬ್ಬ ಮುಗಿಯುವುದರೊಳಗಾಗಿ ದಾಸ್ತಾನು, ಲೆಕ್ಕ, ಸರಕಿನ ಜ್ಞಾನ ಇವುಗಳಲ್ಲಿ ಒಂದನ್ನು ಕಲಿತು, ಮಂದಕಾಲದಲ್ಲಿಯೂ ತನ್ನಿಂದ ಉಪಯೋಗವುಂಟೆಂದು ತೋರಿಸಿ, ಮುಂದಕ್ಕೂ ಇರುವ ಇಚ್ಛೆಯನ್ನು ಬಾಯಿಬಿಟ್ಟು ತಿಳಿಸಬೇಕು. ದುಡಿದ ದಿನಗಳ ಮತ್ತು ಪಡೆದ ಸಂಬಳದ ಬರೆಹವನ್ನು ತನ್ನ ಬಳಿಯೂ ಇಟ್ಟುಕೊಳ್ಳಬೇಕು. ಇವುಗಳಲ್ಲಿ ಎರಡನೆಯದು ಯಜಮಾನನ ಲೆಕ್ಕಕ್ಕೆ ಉತ್ತರ; ಉಳಿದೆರಡು ಕಾಯಿದೆಯ ಲೆಕ್ಕಕ್ಕೆ ಉತ್ತರ.

ಇಷ್ಟಾದರೂ ಎಲ್ಲರೂ ಉಳಿಯುವರೆಂದು ಹೇಳಲಾಗದು. ಅಂಗಡಿಯ ವ್ಯಾಪಾರವು ಏರಿಳಿಯುವವರೆಗೆ ಹಂಗಾಮಿನ ನೌಕರಿ ಇದ್ದೇ ಇರುತ್ತದೆ. ಏರಿಕೆಯ ಲಾಭವು ಒಬ್ಬನಿಗೆ, ಇಳಿತದ ನಷ್ಟವು ಇನ್ನೊಬ್ಬನಿಗೆ ಎಂಬ ಹಂಚಿಕೆಯು ಮಾತ್ರ ನಿಸರ್ಗನಿಯಮವಲ್ಲ. ಪ್ಯಾರಿಸಿನ ಕಾದಂಬರಿಯ ತರುಣಿಯು ರಜೆಯ ಏರ್ಪಾಡನ್ನು ಕೇಳಿದಾಗ ಎತ್ತಿದ ಪ್ರಶ್ನೆಯೇ ಆಷಾಢದ ಮಳೆಯಲ್ಲಿ ಬರಿದಾದ ಅಂಗಡಿಯ ಕಟ್ಟೆಯ ಮೇಲೆ ಕುಳಿತ ನಮ್ಮ ಊರಿನ ಹುಡುಗನದೂ ಆಗಿದೆ: ಗಿರಾಕಿ ಬಾರದ ಈ ದಿನವು ಯಾರ ಲೆಕ್ಕಕ್ಕೆ?